ಒಂದು ಬುಟ್ಟಿಯ ಪ್ರಧಾನರು

ಮಧ್ಯಾಹ್ನದ ಊಟವಾದ ಮೇಲೆ ಸಂಗಪ್ಪನ ಕಿರಾಣಿ ಅಂಗಡಿಗೆ ನಿದ್ದೆ ಬರುತ್ತದೆ. ಬೆಲ್ಲದ ಮೇಲಿನ ನೊಣವೂ ಕೂತಲ್ಲೇ ಕೂರುತ್ತದೆ. ಮಲಪ್ರಭೆಯ ಕಡೆಯಿಂದ ಬರುವ ಗಾಳಿ, ಏನೂ ಕೊಳ್ಳದ ಗಿರಾಕಿಯ ಹಾಗೆ ಒಂದೊಂದು ಚೀಲವನ್ನೂ ಮುಟ್ಟಿ, ಮೂಸಿ, ಹಾಗೇ ಹೊರಟುಹೋಗುತ್ತದೆ. ಆ ಹೊತ್ತಿಗೆ ಅಂಗಡಿಯ ಕಟ್ಟೆಯ ಮೇಲೆ, ಗೋಡೆಗೆ ಒರಗಿ, ಕನ್ನಡಕವನ್ನು ಮೂಗಿನ ತುದಿಗೆ ಬಿಟ್ಟುಕೊಂಡು, ಪ್ರಧಾನರು ಕಣ್ಣು ಮುಚ್ಚಿರುತ್ತಾರೆ.

ಪ್ರಧಾನರೆಂದರೆ ಈಗಿನವರಲ್ಲ. ಎಂಬತ್ತೇಳರಲ್ಲಿ ಮಂಡಲ ಪಂಚಾಯತಿ ಎಂಬುದೊಂದು ಇದ್ದಾಗ ವಿರೂಪಾಕ್ಷಪ್ಪ ಅದಕ್ಕೆ ಪ್ರಧಾನರಾಗಿದ್ದರು. ಮಂಡಲ ಪಂಚಾಯತಿ ಹೋಗಿ ಎಷ್ಟೋ ಕಾಲವಾಯಿತು. ಅದರ ಕೋಣೆಯಲ್ಲಿ ಈಗ ಗೊಬ್ಬರದ ಚೀಲ ಒಟ್ಟುತ್ತಾರೆ. ಹೆಸರನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ. ಮನೋಳಿಯಿಂದ ಹೊಳೆಯ ದಂಡೆ ಹಿಡಿದು ಬಂದರೆ ಸಿಗುವ ಈ ಹೊಳಿಕಟ್ಟಿಯಲ್ಲಿ ಸಣ್ಣ ಮಕ್ಕಳೂ ಅವರಿಗೆ ಪ್ರಧಾನರೆಂದೇ ಅನ್ನುತ್ತವೆ. ಸಂಗಪ್ಪನಿಗೆ ಮಾತ್ರ ಅವನು ವಿರೂಪಾಕ್ಷ. ಸಾಲೆಯಲ್ಲಿ ಇಬ್ಬರೂ ಒಂದೇ ಪಾಟಿಯ ಮೇಲೆ ಬರೆದು ಒರೆಸಿದವರು. ಒಬ್ಬ ಲೆಕ್ಕ ಕಲಿತ, ಇನ್ನೊಬ್ಬ ಭಾಷಣ ಕಲಿತ.

ಆ ಮಧ್ಯಾಹ್ನ ವಿರೂಪಾಕ್ಷ ಕಣ್ಣು ಬಿಡದೆಯೇ ಮಾತಾಡಿದ.

“ಸಂಗಪ್ಪಾ, ಈ ಶ್ರಾವಣಕ್ಕ ಬಿಟ್ಟಬಿಡತೇನಪಾ.”

“ಏನು, ತಂಬಾಕಾ?”

“ರಾಜಕಾರಣ.”

“ಹಿಡದಿದ್ದು ಎಂದು, ಬಿಡಾಕ?”

ವಿರೂಪಾಕ್ಷ ನಕ್ಕ. “ನಗಸು ನೀ. ನಾ ಸೋತದ್ದನ್ನೆಲ್ಲಾ ನಿನ್ನ ತಕ್ಕಡಿಯ ಒಂದು ಬದಿಗೆ ಹಾಕು. ಆ ಒಂದು ಬುಟ್ಟಿ ಇನ್ನೊಂದು ಬದಿಗೆ ಇಡು. ಬುಟ್ಟಿನ ಕೆಳಗ ಇಳೀತೈತಿ. ದಾಸೋಹದ ದಿವಸ ಅಷ್ಟ ಹೇಳಿ, ಕೈ ಮುಗಿದು, ಮನ್ಯಾಗ ಕುಂತಬಿಡತೇನಿ. ಅದೊಂದು ನಿಂತೈತಲ್ಲ, ನನಗ ಸಾಕು.”

ಸಂಗಪ್ಪನ ಕಣ್ಣು ತಾನಾಗಿಯೇ ಹಿಂದಿನ ಹಲಗೆಯ ಮೇಲಿದ್ದ ಎಳ್ಳಿನ ಡಬ್ಬಿಯ ಕಡೆ ಹೋಗಿ, ಅಲ್ಲಿಂದ ಬೇಗ ತಿರುಗಿ ಬಂತು. ಶ್ರಾವಣ ಇನ್ನೇನು ಹತ್ತಿರವಿತ್ತು, ಡಬ್ಬಿ ತುಂಬಿತ್ತು.

*

ಆ ಬುಟ್ಟಿಯ ಸಂಗತಿ ಹೀಗೆ.

ಶ್ರಾವಣದ ಕಡೆಯ ಸೋಮವಾರ ಊರ ಮಠದಲ್ಲಿ ದಾಸೋಹ. ಅದಕ್ಕೆ ಮುಂಚೆ ಒಂದು ವಾರ ಮನೆಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಖಡಕ್ ಆಗುವ ತನಕ ಆರಿಸಿ ಇಡುತ್ತಾರೆ. ಓಣಿ ಓಣಿಗೆ ಬುಟ್ಟಿ ಬಂದಾಗ ತಮ್ಮ ಪಾಲು ಅದಕ್ಕೆ ಹಾಕುತ್ತಾರೆ. ಮೊದಲು ಬುಟ್ಟಿ ಎರಡಿದ್ದವು. ಮೇಲಿನ ಓಣಿಯ ಬುಟ್ಟಿ ಮಠದ ಒಳಗೆ ಹೋಗುತ್ತಿತ್ತು. ಕೆಳಗಿನ ಓಣಿಯ ಬುಟ್ಟಿ ಹೊರಗೆ ಬೇವಿನ ಮರದ ಬುಡಕ್ಕೆ ಇಳಿಯುತ್ತಿತ್ತು. ಆ ಓಣಿಯವರು ಅಲ್ಲೇ ಕೂತು ತಮ್ಮ ರೊಟ್ಟಿಯನ್ನು ತಾವೇ ತಿಂದು ಮನೆಗೆ ಹೋಗುತ್ತಿದ್ದರು. ಅದಕ್ಕೆ ದಾಸೋಹವೆಂದೇ ಹೆಸರಿತ್ತು.

ವಿರೂಪಾಕ್ಷ ಮೇಲಿನ ಓಣಿಯ ದೊಡ್ಡ ಮನೆಯ ಹುಡುಗ. ಧಾರವಾಡದಲ್ಲಿ ಬಿ.ಎ. ಮುಗಿಸಿ, ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಬಂದಿದ್ದ. ಆ ವರ್ಷದ ದಾಸೋಹದಲ್ಲಿ, ಯಾರಿಗೂ ಹೇಳದೆ ಕೇಳದೆ, ಎರಡೂ ಬುಟ್ಟಿಗಳನ್ನು ಮಠದ ಅಂಗಳದಲ್ಲಿ ಹಾಸಿದ ಜಮಖಾನೆಯ ಮೇಲೆ ಸುರಿದು, ಎರಡೂ ಕೈಯಿಂದ ಕಲೆಸಿಬಿಟ್ಟ. ಆಮೇಲೆ ಹಿರಿಯರ ಕಡೆ ತಿರುಗಿ, “ಈಗ ನಿಮ್ಮ ನಿಮ್ಮ ರೊಟ್ಟಿ ಆರಿಸಿಕೋರ್ರಿ,” ಅಂದ.

ರೊಟ್ಟಿಗಳು ಅಂಗಳದ ತುಂಬ ಬಿದ್ದಿದ್ದವು. ಎಲ್ಲವೂ ಬಿಳಿ, ಎಲ್ಲವೂ ದುಂಡಗೆ. ಮುಗಿಲಿನಿಂದ ಯಾರೋ ಚಂದ್ರಗಳನ್ನು ಕಿತ್ತು ಕಿತ್ತು ಒಗೆದ ಹಾಗೆ ಇತ್ತೆಂದು ಸಂಗಪ್ಪನಿಗೆ ಈಗಲೂ ಅನ್ನಿಸುವುದುಂಟು. ಆರಿಸಲು ಬಗ್ಗಿದವರು ಬಗ್ಗಿದಂತೆಯೇ ನಿಂತರು. ಹುಗ್ಗಿ ಆರಿತು, ಬದನೆಕಾಯಿ ಪಲ್ಯದ ಮೇಲೆ ಎಣ್ಣೆ ಕೆನೆಗಟ್ಟಿತು. ಬಿಸಿಲು ಗೋಡೆ ಹತ್ತಿದ ಮೇಲೆ ಮಠದ ಸ್ವಾಮಿಗಳು, ಅಜ್ಜನವರು, ಎದ್ದು ಬಂದರು. ಕೈಗೆ ಸಿಕ್ಕ ಒಂದು ರೊಟ್ಟಿ ಎತ್ತಿ, ಲಟಕ್ಕನೆ ಮುರಿದು ಬಾಯಿಗೆ ಹಾಕಿಕೊಂಡರು. ಅಜ್ಜನವರೇ ತಿಂದ ಮೇಲೆ ಉಳಿದವರಿಗೆ ಉಪವಾಸ ಮಾಡುವ ಕಾರಣ ಉಳಿಯಲಿಲ್ಲ. ಮುಂದಿನ ವರ್ಷದಿಂದ ಬುಟ್ಟಿ ಒಂದೇ ಆಯಿತು. ವಿರೂಪಾಕ್ಷನ ಅಪ್ಪ ಮಾತ್ರ ವರ್ಷವೊಪ್ಪತ್ತು ಮಗನ ಜೊತೆ ಮಾತು ಬಿಟ್ಟ. ಮಗನಿಗೆ ಅದು ಗೊತ್ತಾದದ್ದೇ ತಡವಾಗಿ. ಅವನು ಆಗಲೇ ಊರೂರು ತಿರುಗುತ್ತಿದ್ದ.

ಆ ಬುಟ್ಟಿಯ ಪುಣ್ಯದಿಂದ ಅವನು ಪ್ರಧಾನನಾದ. ಆಗಿ ಏನು ಮಾಡಿದ ಅಂದರೆ, ಬೋರಿಂಗಿನ ಮೊದಲ ಕೊಳವೆಯನ್ನು ಕೆಳಗಿನ ಓಣಿಯಲ್ಲಿ ಹಾಕಿಸಿದ. ಮೇಲಿನ ಓಣಿಯ ಹೆಣ್ಣುಮಕ್ಕಳು ಕೊಡ ಹೊತ್ತು ಅಲ್ಲಿಗೇ ಇಳಿದು ಬರಬೇಕಾಯಿತು. ಚಹಾದ ಹೋಟೆಲಿನಲ್ಲಿ ಕೆಳಗಿನ ಓಣಿಯವರಿಗೆ ಬೇರೆ ಇಟ್ಟಿದ್ದ ಕಪ್ಪುಗಳನ್ನು ತಾನೇ ಕೊಂಡು, ಹೊಳೆಗೆ ಬಿಟ್ಟು ಬಂದ. ಗಂಡ ಸತ್ತ ಹೆಣ್ಣುಮಕ್ಕಳನ್ನು ಪಂಚಾಯತಿಗೆ ಕರೆಸಿ, ಉಡಿ ತುಂಬಿ, ಕುಂಕುಮ ಕೊಟ್ಟು ಕಳಿಸಿದ. ಇಷ್ಟೆಲ್ಲ ಮಾಡಿದವನನ್ನು ಜನ ಮರೆಯಲಿಲ್ಲ. ನೆನಪಿಟ್ಟು ಮುಂದಿನ ಸಲ ಸೋಲಿಸಿದರು.

ಆಮೇಲೆ ವಿಧಾನಸಭೆ. ಒಂದು ಸಲ ಸವದತ್ತಿಯಿಂದ ನಿಂತ, ಒಂದು ಸಲ ರಾಮದುರ್ಗದಿಂದ, ಇನ್ನೊಂದು ಸಲ ಕಿತ್ತೂರಿನಿಂದ, ವ್ಯಾಪಾರ ನಡೆಯದಿದ್ದರೆ ಅಂಗಡಿಯ ಜಾಗ ಬದಲಿಸುವವರ ಹಾಗೆ. ಗುರುತೂ ಬದಲಾಗುತ್ತಿತ್ತು: ಹೊಲಿಗೆ ಮಷೀನು, ಗಾಳಿಪಟ, ತೆಂಗಿನಕಾಯಿ. ಠೇವಣಿ ಮಾತ್ರ ಪ್ರತಿ ಸಲವೂ ಒಂದೇ ಕಡೆ ಹೋಗುತ್ತಿತ್ತು. ಸಂಗಪ್ಪ ಅಂಗಡಿಯನ್ನು ಹೆಂಡತಿ ಚನ್ನವ್ವನ ಮೇಲೆ ಬಿಟ್ಟು ಇವನ ಜೊತೆ ಟೆಂಪೋದಲ್ಲಿ ತಿರುಗುತ್ತಿದ್ದ. ರಾಮದುರ್ಗದ ಕಡೆ ಒಂದು ಸಂಜೆ ಪ್ರಚಾರ ಮುಗಿಸಿ ಬರುವಾಗ ವಿರೂಪಾಕ್ಷ ಕೈಯಲ್ಲಿ ಮೈಕು ಹಿಡಿದುಕೊಂಡೇ ನಿದ್ದೆ ಹೋದ. ಮೈಕು ಬಂದ್ ಮಾಡುವುದನ್ನು ಯಾರೂ ನೆನಪಿಡಲಿಲ್ಲ. ದಾರಿಯ ಊರುಗಳ ತುಂಬ ಅವನ ನಿದ್ದೆಯ ಮಾತು ಹರಡುತ್ತ ಹೋಯಿತು: “ಬರ್ರಿ... ಎಲ್ಲಾರೂ ಬರ್ರಿ... ಸಾಲಾಗಿ ಕುಂದರ್ರಿ... ಹುಗ್ಗಿ ಬರಾಕ ಹತ್ತೈತಿ...” ಜನ ಮನೆಯಿಂದ ಹೊರಗೆ ಬಂದು, ಊಟ ಎಲ್ಲಿ ಅಂತ ನೋಡುತ್ತ ನಿಂತರು. ಮತ ಎಣಿಸಿದಾಗ ನೋಡಿದರೆ, ಅವನಿಗೆ ಮತ ಅಂತ ಬಿದ್ದಿದ್ದು ಆ ಊರುಗಳಲ್ಲೇ. ಎಚ್ಚರವಾಗಿದ್ದು ಭಾಷಣ ಮಾಡಿದ ಕಡೆ ಯಾರೂ ಹಾಕಿರಲಿಲ್ಲ.

ಲಗ್ನವಾಗಲಿಲ್ಲ. ಹೆಣ್ಣು ಕೊಡಲು ಬಂದವರಿಗೆ, “ನಮ್ಮ ಜಾತಿದು ಬ್ಯಾಡ್ರಿ,” ಅನ್ನುತ್ತಿದ್ದ. ಬೇರೆ ಜಾತಿಯವರು, “ಅಷ್ಟು ದೊಡ್ಡ ಮನಿತನಕ್ಕ ನಾವ್ ಹೆಂಗ್ರಿ,” ಅಂತ ಹಿಂದೆ ಸರಿಯುತ್ತಿದ್ದರು. ಹೀಗೆ ಸಮಾನತೆ ಬರುವ ತನಕ ಕಾಯುತ್ತ ಕಾಯುತ್ತ ಅವನ ತಲೆಗೂದಲು ಜೋಳದ ಹಿಟ್ಟಿನ ಬಣ್ಣಕ್ಕೆ ಬಂತು. ಮಧ್ಯಾಹ್ನದ ಊಟ ಸಂಗಪ್ಪನ ಮನೆಯಲ್ಲೇ ಆಗುತ್ತಿತ್ತು. ಚನ್ನವ್ವ ನೀಡುತ್ತಿದ್ದಳು, ಅವನು ಏನು ತಿಂದೆನೆಂದು ಗೊತ್ತಿಲ್ಲದೆ ಉಂಡು ಏಳುತ್ತಿದ್ದ.

*

ಇನ್ನು ಎಳ್ಳಿನ ಸಂಗತಿ. ಇದು ಸಂಗಪ್ಪನಿಗೆ ಮಾತ್ರ ಗೊತ್ತಿದ್ದದ್ದೇನೂ ಅಲ್ಲ. ವಿರೂಪಾಕ್ಷನಿಗೆ ಮಾತ್ರ ಗೊತ್ತಿರಲಿಲ್ಲ.

ಬುಟ್ಟಿ ಒಂದಾದ ಮರುವರ್ಷವೇ ಶ್ರಾವಣದಲ್ಲಿ ಅಂಗಡಿಗೆ ಹೆಣ್ಣುಮಕ್ಕಳು ಎಳ್ಳು ಕೇಳಿಕೊಂಡು ಬಂದರು. ಎಳ್ಳು ಸಂಕ್ರಾಂತಿಯ ಮಾಲು, ಸಜ್ಜಿ ರೊಟ್ಟಿಗೆ ಹಚ್ಚುವ ಮಾಲು. ಶ್ರಾವಣದಲ್ಲಿ ಅದನ್ನು ಕೇಳುವವರನ್ನು ಸಂಗಪ್ಪ ಅದೇ ಮೊದಲು ನೋಡಿದ. ಬಂದವರೆಲ್ಲ ಮೇಲಿನ ಓಣಿಯವರು. ಮನೆಗೆ ಹೋಗಿ ನೋಡಿದರೆ ಚನ್ನವ್ವನೂ ದಾಸೋಹದ ರೊಟ್ಟಿಗೆ ಎಳ್ಳು ಉದುರಿಸಿ ಬಡಿಯುತ್ತಿದ್ದಳು.

“ಇದೇನ ಹೊಸದು?” ಅಂದ.

“ರುಚಿ ಬರತೈತ್ರಿ,” ಅಂದಳು ಚನ್ನವ್ವ, ತಲೆ ಎತ್ತದೆ.

ದಾಸೋಹದ ದಿನ ಸಂಗಪ್ಪ ಕಣ್ಣಿಟ್ಟು ನೋಡಿದ. ಬುಟ್ಟಿ ಒಂದೇ. ಎಲ್ಲರೂ ಒಂದೇ ಅಂಗಳದಲ್ಲಿ ಕೂತಿದ್ದಾರೆ. ಆದರೆ ನೀಡುವ ಹುಡುಗರ ಕೈ ಬುಟ್ಟಿಯೊಳಗೆ ಹೋಗಿ, ಎದುರಿಗೆ ಕೂತವನ ಮುಖ ನೋಡಿ, ಮೇಲಿನ ಓಣಿಯವನಿಗೆ ಎಳ್ಳಿನ ರೊಟ್ಟಿ ಎತ್ತುತ್ತಿತ್ತು, ಕೆಳಗಿನ ಓಣಿಯವನಿಗೆ ಬರೀ ರೊಟ್ಟಿ ಎತ್ತುತ್ತಿತ್ತು. ಮಾತಿಲ್ಲ, ಕತೆಯಿಲ್ಲ. ಸಂಗಪ್ಪ ಎಲ್ಲವನ್ನೂ ಅರ್ಥ ಮಾಡಿಕೊಂಡ. ಮುಂದಿನ ವರ್ಷ ಬೈಲಹೊಂಗಲ ಪೇಟೆಯಿಂದ ಎಳ್ಳು ಸ್ವಲ್ಪ ಹೆಚ್ಚು ತರಿಸಿದ.

ವಿರೂಪಾಕ್ಷನೂ ಎಳ್ಳನ್ನು ನೋಡಿದ. ನೋಡಿ ಸಂತೋಷಪಟ್ಟ. ಊರಿನ ರೊಟ್ಟಿಯ ಮೇಲೆ ಎಳ್ಳು ಬಂದಿದೆ ಅಂದರೆ ಊರಿಗೆ ಅನುಕೂಲ ಬಂದಿದೆ ಅಂತ ತಿಳಿದ. ಅಂದಿನಿಂದ ಇಂದಿನವರೆಗೆ ಅವನ ಎಲ್ಲ ಭಾಷಣಗಳಲ್ಲೂ ಆ ಎಳ್ಳು ಬರುತ್ತಿತ್ತು. ಸಂಗಪ್ಪ ವೇದಿಕೆಯ ಕೆಳಗೆ ಕೂತು, ಪ್ರತಿ ಸಲವೂ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ.

*

ವಿರೂಪಾಕ್ಷ ಕಟ್ಟೆಯ ಮೇಲೆ ಕೂತು ಕಡೆಯ ಭಾಷಣದ ತಾಲೀಮು ಮಾಡುತ್ತಿದ್ದ ದಿನ ಭಾಗೀರಥಿ ಅಂಗಡಿಗೆ ಬಂದಳು. ಭಾಗೀರಥಿ ಕೆಳಗಿನ ಓಣಿಯವಳು, ಈಗಿನ ಗ್ರಾಮ ಪಂಚಾಯತಿ ಅಧ್ಯಕ್ಷೆ. ಗಂಡ ಬಾಳೇಶ ಟೆಂಪೋ ಓಡಿಸುತ್ತಾನೆ. ಮೊದಮೊದಲು ಅವನೇ ಅಧ್ಯಕ್ಷನ ಖುರ್ಚಿಯಲ್ಲಿ ಕೂರಲು ಹೋಗಿದ್ದ. ಆಕೆ, “ಟೆಂಪೋ ಹೊರಗ ಬಿಸಿಲಾಗ ನಿಂತೈತಿ ನೋಡ,” ಅಂದಿದ್ದಳು. ಅಂದಿನಿಂದ ಅವನು ಟೆಂಪೋದಲ್ಲೇ ಕೂರುತ್ತಾನೆ.

ವಿರೂಪಾಕ್ಷ ಮುಗಿಲು ನೋಡುತ್ತ ಹೇಳುತ್ತಿದ್ದ: “ಹಿಂದ ನಮ್ಮೂರ ರೊಟ್ಟಿ ಬರೀ ಜೋಳದ್ದು. ಬುಟ್ಟಿ ಒಂದಾತು, ರೊಟ್ಟಿ ಮ್ಯಾಲ ಎಳ್ಳು ಬಂತು. ಸಮಾನತೆ ಬಂದಲ್ಲೆ ಸಮೃದ್ಧಿ ತಾನ ಹುಡಿಕ್ಕೊಂಡು ಬರತೈತಿ...”

ಭಾಗೀರಥಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ಸೆರಗಿನ ಸಂದಿಯಿಂದ ಹೊರಗೆ ಬಂತು.

“ಯಾಕವಾ, ತಪ್ಪೇನರ ಅಂದ್ನೇನು?” ಅಂದ ವಿರೂಪಾಕ್ಷ.

“ಇಲ್ರಿ ಅಣ್ಣಾರ. ಒಂದು ಮಾತು ಕೇಳತೇನಿ, ಸಿಟ್ಟ ಆಗಬ್ಯಾಡ್ರಿ. ದಾಸೋಹದಾಗ ನಿಮಗ ಎಂದರ ಬರೀ ರೊಟ್ಟಿ ನೀಡ್ಯಾರೇನ್ರಿ?”

ವಿರೂಪಾಕ್ಷ ಯೋಚಿಸಿದ. ಬೆರಳು ಗಾಳಿಯಲ್ಲಿ ಏನೋ ಮುರಿದ ಹಾಗೆ ಆಡಿತು.

“ಇಲ್ಲ,” ಅಂದ.

“ನನಗ ಎಂದೂ ಎಳ್ಳಿಂದು ನೀಡಿಲ್ರಿ,” ಅಂದಳು ಭಾಗೀರಥಿ. “ನಮ್ಮ ಅತ್ತಿಗೂ ನೀಡಿಲ್ಲ. ಸಂಗಪ್ಪಣ್ಣಾರ, ಒಂದು ಪಾವಕಿಲೊ ಚಹಾಪುಡಿ ಕೊಡ್ರಿ.”

ಸಂಗಪ್ಪ ಚಹಾಪುಡಿ ತೂಗಿ ಕೊಟ್ಟ. ಆಕೆ ಹೋದಳು. ಕಟ್ಟೆಯ ಮೇಲೆ ಬಿಸಿಲು ಇದ್ದ ಹಾಗೇ ಇತ್ತು. ವಿರೂಪಾಕ್ಷ ಎದ್ದು, ಚಪ್ಪಲಿ ಮೆಟ್ಟಿ, ಮನೆಯ ಕಡೆ ಹೋಗದೆ ಹೊಳೆಯ ಕಡೆ ನಡೆದ. ಮೂರು ತಾಲೂಕಿನಲ್ಲಿ ಸೋತು ಬಂದಾಗಲೂ ಅವನು ಹಾಗೆ ನಡೆದಿರಲಿಲ್ಲ. ಆಗ ಅವನ ಹಿಂದೆ ಬುಟ್ಟಿ ಇತ್ತು.

ಎರಡು ದಿನ ಅವನು ಊಟಕ್ಕೆ ಬರಲಿಲ್ಲ. ಚನ್ನವ್ವ ಎರಡೂ ದಿನ ಪಲ್ಯ ಮುಚ್ಚಿಟ್ಟು ಕಾದಳು, ಕಡೆಗೆ ಬೈದಳು. ಮೂರನೆಯ ದಿನ ಬಂದವನು ಅಂಗಡಿಯ ಒಳಗೇ ಬಂದು ನಿಂತ.

“ನಿನಗ ಗೊತ್ತಿತ್ತೇನ ಸಂಗಪ್ಪ?”

“ಮಾರಾಂವಗ ಗೊತ್ತಿರದ ಹೆಂಗ?”

“ಹೇಳಬೇಕಿತ್ತಲ್ಲೊ.”

“ಹೇಳಿದ್ರ ನೀ ಏನ ಮಾಡ್ತಿದ್ದಿ? ಭಾಷಣಾ ಮಾಡ್ತಿದ್ದಿ. ಅವ್ರು ಎಳ್ಳು ಬಿಟ್ಟು ಜೀರಗಿ ಹಾಕ್ತಿದ್ರು.”

ವಿರೂಪಾಕ್ಷ ಅಕ್ಕಿಯ ಚೀಲದ ಮೇಲೆ ಕೂತ. ಹೊಳೆಯ ದಂಡೆಯಲ್ಲಿ ಕೂತಾಗ ಕಣ್ಣು ಹತ್ತಿತ್ತಂತೆ. ಕನಸಿನಲ್ಲಿ ಆ ಬುಟ್ಟಿ ನೀರಿನ ಮೇಲೆ ತಾನಾಗಿಯೇ ತೇಲಿ ಹೋಗುತ್ತಿತ್ತಂತೆ. ಹಿಡಿಯಲು ಇಳಿದರೆ, ಅದರೊಳಗಿನ ರೊಟ್ಟಿ ಒಂದೊಂದೇ ಕಪ್ಪಗಾಗಿ, ಹುಣ್ಣಿಮೆ ಇದ್ದದ್ದು ಅಮಾಸೆ ಆದ ಹಾಗೆ ಆಯಿತಂತೆ. ಹೇಳುತ್ತ ಹೇಳುತ್ತ ಅವನ ದನಿ ಅಂಗಡಿಯ ವಾಸನೆಗಳೊಳಗೆ ಎಲ್ಲೋ ಕಳೆದುಹೋಯಿತು. ಸಂಗಪ್ಪ ಕೊಬ್ಬರಿಯ ಬಟ್ಟಲುಗಳನ್ನು ಸುಮ್ಮನೆ ಒಂದರ ಮೇಲೊಂದು ಜೋಡಿಸಿದ.

“ಈಗ ದಾಸೋಹದ ದಿವಸ ಏನ ಹೇಳಲಿ ನಾ? ನಿಂತದ್ದು ಯಾವುದೂ ಇಲ್ಲಂತ ಹೇಳಲೇನು?”

“ಏನೂ ಹೇಳಬ್ಯಾಡ,” ಅಂದ ಸಂಗಪ್ಪ. “ಕೆಳಗಿನ ಓಣ್ಯಾಗ ಪ್ರತಿ ಮನಿಗೆ ಎಳ್ಳು ಮುಟ್ಟಿಸು. ನನ್ನ ಅಂಗಡ್ಯಾಗಿಂದು ಬ್ಯಾಡ, ಹೊರಗಿಂದ ತರೂಣು. ಎಲ್ಲಾ ರೊಟ್ಟಿ ಮತ್ತ ಒಂದ ಆಗತಾವ.”

ಹೇಳಿದ ಮೇಲೆ ಸಂಗಪ್ಪನಿಗೇ ಆಶ್ಚರ್ಯವಾಯಿತು. ಅಷ್ಟು ಎಳ್ಳು ತನ್ನ ಅಂಗಡಿಯಿಂದ ಹೋದರೆ ಸುದ್ದಿ ಗಂಟೆಯೊಳಗೆ ಮೇಲಿನ ಓಣಿಗೆ ಮುಟ್ಟುತ್ತದೆ. ಮಾಲು ತನ್ನಲ್ಲಿ ಕೊಳ್ಳಬಾರದೆಂದು ಗಿರಾಕಿಗೆ ಬುದ್ಧಿ ಹೇಳುವ ವ್ಯಾಪಾರಿಯನ್ನು ಅವನು ಈವರೆಗೆ ನೋಡಿರಲಿಲ್ಲ.

*

ಇಬ್ಬರೂ ಭಾಗೀರಥಿಯ ಮನೆಗೆ ಹೋದರು. ವಿರೂಪಾಕ್ಷ ವಿಷಯ ಹೇಳಿದ. ಒಲೆಯ ಹತ್ತಿರ ಕೂತಿದ್ದ ಅವಳ ಅತ್ತೆ ಮುದಕವ್ವ, “ಎಳ್ಳ ನನ್ನ ಹಲ್ಲಾಗ ಸಿಗತಾವಪಾ,” ಅಂದಳು. ಮುದಕವ್ವನಿಗೆ ಹಲ್ಲು ಇದ್ದದ್ದೇ ಮುಂದಿನವು ಅಷ್ಟೇ.

ಭಾಗೀರಥಿ ಒಪ್ಪಲಿಲ್ಲ. “ಅವರ ಗುರುತು ನಾವ್ ಯಾಕ ಹಚ್ಕೋಬೇಕ್ರಿ ಅಣ್ಣಾರ? ನಮ್ಮ ರೊಟ್ಟಿಗೆ ಏನ ಕಡಿಮಿ ಆಗೈತಿ? ಬೇಕಾದ್ರ ಅವರ ಎಳ್ಳು ತಗೀಲಿ.”

ವಿರೂಪಾಕ್ಷನ ಹತ್ತಿರ ಇದ್ದದ್ದು ಭಾಷಣ, ಅದು ಇಲ್ಲಿ ನಡೆಯುವ ನಾಣ್ಯವಲ್ಲ. “ನೀ ಹೇಳೂದು ಖರೆ ಐತವಾ,” ಅಂದು ಸುಮ್ಮನಾದ. ಸುಮ್ಮನಾದ ಪ್ರಧಾನರನ್ನು ಆ ಮನೆಯವರು ಎಂದೂ ನೋಡಿರಲಿಲ್ಲ. ಒಂದು ಗಳಿಗೆ ಎಲ್ಲರಿಗೂ ಮುಜುಗರವಾಯಿತು.

ಭಾಗೀರಥಿ ಅತ್ತೆಯ ಕಡೆ ನೋಡಿದಳು. ಮುದಕವ್ವ ಒಲೆಯೊಳಗೆ ಒಂದು ಕಟ್ಟಿಗೆ ಸರಿಸಿ, “ನೀಡೋ ಹುಡುಗರ ಮಾರಿ ಹೆಂಗ ಆಗತೈತಿ, ಅದರ ನೋಡೂಣು,” ಅಂದಳು.

ಭಾಗೀರಥಿಗೆ ನಗು ಬಂತು. “ಹಂಗಾದ್ರ ಒಂದು ಸಲ ಹಚ್ಚತೀವ್ರಿ. ನಿಮ್ಮ ಸಮಾನತೆಗಲ್ಲ ಮತ್ತ. ಮಜಾ ನೋಡಾಕ.”

“ಯಾತಕ್ಕರ ಹಚ್ಚವಾ,” ಅಂದ ಸಂಗಪ್ಪ.

ಮಾಲು ಕೊಳ್ಳುವುದರಲ್ಲಿ ಒಂದು ರೀತಿಯಿದೆ. ಒಂದೇ ಪೇಟೆಯಲ್ಲಿ ಒಂದೇ ಮಾಲು ಹೆಚ್ಚು ಕೇಳಿದರೆ ದರವೂ ಏರುತ್ತದೆ, ಸುದ್ದಿಯೂ ಏಳುತ್ತದೆ. ಅದಕ್ಕೇ ಬಲ್ಲವರು ಅಲ್ಲಿಷ್ಟು ಇಲ್ಲಿಷ್ಟು ಅಂತ ಚೂರು ಚೂರು ಎತ್ತುತ್ತಾರೆ. ಸಂಗಪ್ಪ ಹಾಗೇ ಮಾಡಿದ. ಬಾಳೇಶನ ಟೆಂಪೋದಲ್ಲಿ ಮೂವರೂ ಹೊರಟರು. ಸವದತ್ತಿಯಲ್ಲಿ ಒಂದಿಷ್ಟು ತಗೊಂಡರು. ಬೈಲಹೊಂಗಲದಲ್ಲಿ ಒಂದಿಷ್ಟು; ಹತ್ತಿಯ ಹಂಗಾಮು ಅಲ್ಲದಿದ್ದರೂ ಪೇಟೆಯ ಗೋಡೆಯ ಸಂದಿಗಳಲ್ಲಿ ಹೋದ ವರ್ಷದ ಹತ್ತಿಯ ಎಳೆಗಳು ಇನ್ನೂ ಅಲುಗುತ್ತಿದ್ದವು. ವಿರೂಪಾಕ್ಷ ಟೆಂಪೋದೊಳಗಿಂದ ಅವನ್ನೇ ನೋಡುತ್ತಿದ್ದ. ಶ್ರಾವಣದ ಮೋಡ ಹೊಲಗಳ ಮೇಲೆ ತನ್ನ ನೆರಳು ಎಳೆದುಕೊಂಡು ಹೋಗುತ್ತಿತ್ತು. ಟೆಂಪೋ ನೆರಳೊಳಗೆ ಹೋಗಿ, ಬಿಸಿಲಿಗೆ ಬಂದು, ಮತ್ತೆ ನೆರಳೊಳಗೆ ಹೋಗುತ್ತಿತ್ತು. ಮತ ಹಾಕಿದ ಊರು, ಹಾಕದ ಊರು ಎಲ್ಲವೂ ಕಿಟಕಿಯಲ್ಲಿ ಒಂದೇ ಬಣ್ಣಕ್ಕೆ ಕಂಡವು. ದೇಗಾಂವದ ಕಮಲನಾರಾಯಣ ಗುಡಿಯ ಕಲ್ಲಿನ ನೆರಳಲ್ಲಿ ಬುತ್ತಿ ಬಿಚ್ಚಿದರು. ಚನ್ನವ್ವ ಕಟ್ಟಿಕೊಟ್ಟ ರೊಟ್ಟಿಯಲ್ಲಿ ಎಳ್ಳಿತ್ತು. ವಿರೂಪಾಕ್ಷ ಒಂದು ರೊಟ್ಟಿ ಎತ್ತಿ, ಬಹಳ ಹೊತ್ತು ನೋಡಿ, ಬಾಳೇಶನ ಕೈಗೆ ಕೊಟ್ಟ. ಬಾಳೇಶ ಅದನ್ನು ತಿಂದು, “ಶೇಂಗಾ ಹಿಂಡಿ ಐತೇನ್ರಿ?” ಅಂದ.

ಕಿತ್ತೂರಿನಲ್ಲಿ, ಹೆದ್ದಾರಿಯ ಪಕ್ಕದ ಅಂಗಡಿಯವನು ಗುರುತು ಹಿಡಿದ. “ಏನ್ರಿ ಪ್ರಧಾನ್ರ, ಇಲೆಕ್ಷನ್ ಬಂತೇನ್ರಿ? ನಮಗ ಸುದ್ದಿನ ಇಲ್ಲ.”

“ಇಲ್ಲಪಾ.”

“ಮತ್ತ ಹಂಚಾಕ ಇಷ್ಟು ಮಾಲು?”

“ಇವ್ರು ಹಂಚೂದು ಯಾವಾಗ್ಲೂ ಇಲೆಕ್ಷನ್ ಇಲ್ಲದಾಗನ,” ಅಂದ ಸಂಗಪ್ಪ. “ಅದಕ್ಕ ಹಿಂಗ ಅದಾರ.”

ಮಾರನೆಯ ದಿನ ರಾಮದುರ್ಗ. ಮರಳಿ ಬರುವಾಗ ಎಳ್ಳಿನ ಚೀಲಕ್ಕೆ ತಲೆ ಇಟ್ಟು ವಿರೂಪಾಕ್ಷ ನಿದ್ದೆ ಹೋದ. ಅದೇ ದಾರಿ, ಅವೇ ಊರು. ಈ ಸಲ ಮೈಕು ಇರಲಿಲ್ಲ. ಆದರೂ ಅವನ ತುಟಿ ಅಲುಗುತ್ತಿದ್ದುದನ್ನು ಸಂಗಪ್ಪ ನೋಡಿದ. ಏನು ಹೇಳುತ್ತಿದ್ದಾನೆಂದು ಕೇಳಬೇಕಾದ ಅಗತ್ಯವಿರಲಿಲ್ಲ.

*

ದಾಸೋಹದ ದಿನ ಬೆಳಿಗ್ಗೆಯಿಂದಲೇ ಜಿಟಿಜಿಟಿ ಮಳೆ ಬಂದು ನಿಂತಿತ್ತು. ಮಠದ ಅಂಗಳ ಒದ್ದೆಯಾಗಿ, ಅದರೊಳಗೆ ಮುಗಿಲು ಬಿದ್ದಿತ್ತು. ತಾಡಪಾಲು ಹಾಸಿ ಪಂಕ್ತಿ ಹಾಕಿದರು. ಕೆಳಗಿನ ಓಣಿಯವರು ರೂಢಿಯಂತೆ ಅಂಗಳದ ಅಂಚಿಗೆ, ಬೇವಿನ ಮರದ ಕಡೆ ಕೂತರು. ವಿರೂಪಾಕ್ಷ ಆ ಕಡೆ ಹೋಗಿ ಮುದಕವ್ವನ ಪಕ್ಕ ಕೂತ. ಸಂಗಪ್ಪ ಅತ್ತಿತ್ತ ನೋಡಿ, ನಡುವೆ ಎಲ್ಲಿ ಕೂತರೂ ನಡೆಯುತ್ತದೆ ಅನ್ನುವವನ ಹಾಗೆ ನಡೆದು, ಕಡೆಗೆ ವಿರೂಪಾಕ್ಷನ ಇನ್ನೊಂದು ಪಕ್ಕಕ್ಕೆ ಬಂದ. ಎದುರಿಗೆ ಮಠದ ಉಸ್ತುವಾರಿ ನೋಡುವ ಗುರುನಾಥಪ್ಪ ಕೂತಿದ್ದ. ಮೇಲಿನ ಓಣಿಯ ಹಿರಿಯ, ಮಾತು ಕಡಿಮೆ, ಹೊಟ್ಟೆ ದೊಡ್ಡದು.

ಪಲ್ಯ ಬಂತು. ಬುಟ್ಟಿ ಬಂತು. ನೀಡುವ ಹುಡುಗ ಮೊದಲು ಬೇವಿನ ಮರದ ಕಡೆ ಬಂದು, ಮುದಕವ್ವನ ಮುಖ ನೋಡಿ, ಕೈಯನ್ನು ಬುಟ್ಟಿಯೊಳಗೆ ಇಳಿಸಿದ. ಕೈ ಒಳಗೇ ನಿಂತಿತು. ಮೇಲಿನದು ಸರಿಸಿದ, ಕೆಳಗಿನದು ಎತ್ತಿ ನೋಡಿದ. ಎಲ್ಲದರ ಮೇಲೂ ಎಳ್ಳು. ಹುಡುಗ ಊರಿನ ದಾರಿಯಲ್ಲೇ ಊರು ತಪ್ಪಿದವನ ಹಾಗೆ ಗುರುನಾಥಪ್ಪನ ಕಡೆ ನೋಡಿದ.

“ಬ್ಯಾರೆ ಬುಟ್ಟಿ ತಾ,” ಅಂದ ಗುರುನಾಥಪ್ಪ.

“ಒಳಗ ಎಲ್ಲಾನೂ ಹಿಂಗ ಅದಾವ್ರಿ.”

ಅಡುಗೆಮನೆಯ ಬಾಗಿಲಲ್ಲಿ ಮೇಲಿನ ಓಣಿಯ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಅವರ ನಡುವೆ ಚನ್ನವ್ವ ಗಂಡನನ್ನು ನೋಡಿದಳು. ಸಂಗಪ್ಪ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದರಿಂದ ನೋಡಿಕೊಳ್ಳಲು ಏನೂ ಇರಲಿಲ್ಲ. ಪಲ್ಯದ ಬದನೆಕಾಯಿ ನೋಡಿದ. ಮಠದ ಕಟ್ಟೆಯ ಮೇಲೆ ಮೈಕು ತಯಾರಾಗಿ ನಿಂತಿತ್ತು. ಪ್ರಧಾನರು ಈಗ ಏಳುತ್ತಾರೆ, ಇಷ್ಟುದ್ದದ ಭಾಷಣ ಬರುತ್ತದೆ ಅಂತ ಎಲ್ಲರೂ ಕಾದರು.

ವಿರೂಪಾಕ್ಷ ಏಳಲಿಲ್ಲ. “ತಮ್ಮಾ, ನನಗೊಂದು ರೊಟ್ಟಿ ನೀಡು. ಹಸದೇನಿ,” ಅಂದ.

ಹುಡುಗ ನೀಡಿದ. ಅವನಿಗೆ ನೀಡಿದ ಮೇಲೆ ಮುದಕವ್ವನಿಗೆ ನೀಡಿದ, ಸಂಗಪ್ಪನಿಗೆ ನೀಡಿದ. ಕೈ ಒಮ್ಮೆ ಹೊರಟಮೇಲೆ ಸಾಲಿನ ಕಡೆಯವರೆಗೂ ಹೋಯಿತು. ತಿರುಗಿ ಗುರುನಾಥಪ್ಪನ ಎಲೆಗೂ ಬಂತು. ಗುರುನಾಥಪ್ಪ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ಮಗುಚಿ ನೋಡಿ, ಮೂಗಿಗೆ ಒಯ್ದು, ಕಡೆಗೆ ಪಲ್ಯದ ವಾಸನೆ ತಡೆಯಲಾರದೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ.

ಆಗಲೇ ಮುದಕವ್ವ ತನ್ನ ರೊಟ್ಟಿ ಎತ್ತಿ ಹಿಡಿದು, ಅಂಗಳಕ್ಕೆಲ್ಲ ಕೇಳುವ ಹಾಗೆ ಅಂದಳು: “ಪ್ರಧಾನ್ರ, ನೋಡ್ರಿಲ್ಲೆ, ಇದು ನಮ್ಮ ಮನೀದ. ಅಂಚು ಸೀದೈತಿ. ನಮ್ಮ ಸೊಸಿ ಫೋನಿನ್ಯಾಗ ಪಂಚಾಯ್ತಿ ಮಾಡಕೋತ ಬೇಯಿಸ್ಯಾಳ.”

“ಅತ್ತೀ,” ಅಂದಳು ಭಾಗೀರಥಿ.

ಗುರುನಾಥಪ್ಪನ ದವಡೆ ನಿಂತಿತು. ಕೈಯಲ್ಲಿದ್ದ ರೊಟ್ಟಿಯನ್ನು ಮೆಲ್ಲಗೆ ತಿರುಗಿಸಿ ನೋಡಿದ. ಅದರ ಅಂಚೂ ಸೀದಿತ್ತು. ಸಂಗಪ್ಪನಿಗೆ ತನ್ನ ಪಕ್ಕದಲ್ಲಿ ವಿರೂಪಾಕ್ಷ ಉಸಿರು ಬಿಡದೆ ಕೂತಿರುವುದು ಗೊತ್ತಾಯಿತು. ಇವನ ಒಂದು ಜನ್ಮದ ರಾಜಕಾರಣವೆಲ್ಲ ಈಗ ಗುರುನಾಥಪ್ಪನ ಎಡಗೆನ್ನೆಯೊಳಗೆ ನಿಂತಿದೆ ಅಂತ ಅವನಿಗೆ ಅನ್ನಿಸಿತು. ಒಳಗಿನಿಂದ ಹುಗ್ಗಿಯ ಕೊಪ್ಪರಿಗೆ ಹೊರಗೆ ಬರುತ್ತಿತ್ತು. ಬೆಲ್ಲ, ಏಲಕ್ಕಿ, ತುಪ್ಪದ ಹೊಗೆ ಒದ್ದೆ ಅಂಗಳದ ಮೇಲೆ ತಗ್ಗಾಗಿ ಹರಡಿತು.

ಗುರುನಾಥಪ್ಪ ಸೀದ ಅಂಚನ್ನು ಮುರಿದು ಎಲೆಯ ಬದಿಗೆ ಇಟ್ಟ. ಉಳಿದದ್ದನ್ನು ತಿಂದ.

“ಸೊಸಿಗೆ ಹೇಳವಾ,” ಅಂದ ಮುದಕವ್ವನಿಗೆ, “ಉರಿ ಸಣ್ಣ ಇಡಂತ.”

ವಿರೂಪಾಕ್ಷ ಅಂದು ಮೈಕಿನ ಹತ್ತಿರ ಹೋಗಲೇ ಇಲ್ಲ. ಎರಡು ಸಲ ಹುಗ್ಗಿ ಹಾಕಿಸಿಕೊಂಡ. ರಾಜಕಾರಣ ಬಿಡುತ್ತೇನೆಂದು ಹೇಳಬೇಕಿತ್ತು, ಅದು ಮರೆತುಹೋಯಿತು.

*

ಮರುವರ್ಷದ ಶ್ರಾವಣ. ಅದೇ ಮಧ್ಯಾಹ್ನ, ಅದೇ ನೊಣ. ವಿರೂಪಾಕ್ಷ ಕಟ್ಟೆಯ ಮೇಲೆ ಕಣ್ಣು ಮುಚ್ಚಿದ್ದ. ಚನ್ನವ್ವ ಮನೆಯಿಂದ ಬಂದು ಅಂಗಡಿಯ ಬಾಗಿಲಲ್ಲಿ ನಿಂತಳು. ಅವಳ ಹಿಂದೆ ಮೇಲಿನ ಓಣಿಯ ಇನ್ನೂ ಕೆಲವರು ಡಬ್ಬಿ ಹಿಡಿದು ಬಂದಿದ್ದರು.

“ದಾಸೋಹದ ರೊಟ್ಟಿ ಬಡೀಬೇಕ್ರಿ,” ಅಂದಳು.

“ಎಳ್ಳೇನು?”

“ಎಳ್ಳು ಬ್ಯಾಡ. ಈ ಸಲ ಅಜವಾನ ಕೊಡ್ರಿ. ರುಚಿ ಬರತೈತಿ.”

ಸಂಗಪ್ಪನ ಹಿಂದೆ, ಅವನ ತಲೆಗೆ ಸರಿಯಾಗಿ, ಗಾಜಿನ ಬರಣಿಯಲ್ಲಿ ಅಜವಾನ, ಅಂದರೆ ಓಮಕಾಳು, ಕಂಠದವರೆಗೆ ತುಂಬಿತ್ತು. ವಾರದ ಹಿಂದಷ್ಟೇ ಬೈಲಹೊಂಗಲದಿಂದ ಬಂದ ಮಾಲು. ಹೊರಗೆ ಕಟ್ಟೆಯ ಮೇಲೆ ವಿರೂಪಾಕ್ಷನ ತುಟಿ ಅಲುಗಿದ ಹಾಗೆ ಕಂಡಿತು.

“ಇಲ್ಲ,” ಅಂದ ಸಂಗಪ್ಪ.

ಚನ್ನವ್ವ ಬರಣಿ ನೋಡಿದಳು. ಗಂಡನ ಮುಖ ನೋಡಿದಳು. “ಕಾಣಾಕ ಹತ್ತೈತಲ್ರಿ.”

“ಕಾಣಾಕ ಇಟ್ಟೇನಿ. ಮಾರಾಕಲ್ಲ.”

ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದ್ದು ಅವನ ಅಪ್ಪನ ಕಾಲದಿಂದ ಆ ಅಂಗಡಿಯಲ್ಲಿ ಇರಲಿಲ್ಲ. ಹೆಣ್ಣುಮಕ್ಕಳು ಒಂದು ಕ್ಷಣ ನಿಂತು, ಗುಸುಗುಸು ಮಾಡಿ, ತಿರುಗಿ ಹೋದರು. ಚನ್ನವ್ವ ಕಡೆಗೆ ಹೊರಟಳು. ಹೊಸ್ತಿಲ ಮೇಲೆ ನಿಂತು, “ಹಂಗಾದ್ರ ಬರೀ ರೊಟ್ಟಿನ ಬಡೀತೇನಿ, ಏನ ಮಾಡೂದು,” ಅಂದಳು. ಸಿಟ್ಟಿತ್ತೋ ನಗುವಿತ್ತೋ, ಸಂಗಪ್ಪನಿಗೆ ಬೆನ್ನು ಮಾತ್ರ ಕಂಡಿತು.

ಅವಳು ಹೋದ ಮೇಲೆ ಸಂಗಪ್ಪ ಎದ್ದು ಬರಣಿ ಇಳಿಸಿದ. ಅದನ್ನು ತಾನು ಕೂರುವ ಗಾದಿಯ ಹಿಂದೆ ಗೋಡೆಯ ಮೂಲೆಗೆ ಇಟ್ಟು, ಮೇಲೆ ಗೋಣಿಚೀಲ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ಕೂತ.

“ಯಾರು ಬಂದಿದ್ರೊ?” ಅಂದ ವಿರೂಪಾಕ್ಷ ಕಟ್ಟೆಯಿಂದ, ಕಣ್ಣು ಬಿಡದೆ.

“ಯಾರೂ ಇಲ್ಲ. ಗಿರಾಕಿ.”

“ಏನ ಬೇಕಿತ್ತಂತ?”

“ನಮ್ಮಲ್ಲೆ ಇಲ್ಲದ್ದು.”

ಹೊಳೆಯ ಕಡೆಯ ಗಾಳಿ ಬಂದು, ಚೀಲಗಳನ್ನೆಲ್ಲ ಮುಟ್ಟಿ, ಗಾದಿಯ ಹಿಂದೆಯೂ ಒಮ್ಮೆ ಮೂಸಿ, ಹೊರಗೆ ಹೋಯಿತು. ವಿರೂಪಾಕ್ಷ ಆ ಗಾಳಿಯನ್ನು ಮೂಗಿಗೆ ಎಳೆದುಕೊಂಡು, ಗೋಡೆಗೆ ಇನ್ನಷ್ಟು ಒರಗಿದ.

“ಅಜವಾನದ ವಾಸನಿ ಭಾಳ ಘಮ್ ಅಂತೈತಿ ಸಂಗಪ್ಪಾ,” ಅಂದ. “ಚಂದಂಗಿ ಮುಚ್ಚಿಡು.”